ಹೊಲದಲ್ಲಿ ದುಡಿಯುವವರು ತಪಸ್ಸು ಕಾಲದ ನಲವತ್ತು ದಿನವೂ ಒಪ್ಪೊತ್ತು ಹಿಡಿಯಲೇಬೇಕೇ?

ಕಾಗಿಣಾ ತೀರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಕಲಬುರಗಿಯ ಒಂದು ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ನಮ್ಮ ಮನೆ ಇರುವುದು ಕಾಗಿಣಾ ನದಿಯ ಕಡೆಯ ಒಂದು ಹಳ್ಳಿಯಲ್ಲಿ. ಅಲ್ಲಿ ಕಥೋಲಿಕರ ಮನೆಗಳು ಬೆರಳೆಣಿಕೆಯಷ್ಟೇ ಇರುವುದರಿಂದ ಧರ್ಮಕೇಂದ್ರದ ಗುರುಗಳು ತಿಂಗಳಿಗೆ ಎರಡು ಭಾನುವಾರ ಬಂದು ಬಲಿಪೂಜೆ ಅರ್ಪಿಸುತ್ತಾರೆ; ಉಳಿದ ಭಾನುವಾರಗಳಲ್ಲಿ ನಾವೇ ಒಂದೆಡೆ ಕೂಡಿ ವಾಚನಗಳನ್ನು ಓದಿಕೊಂಡು ಜಪಸರ ಹೇಳುತ್ತೇವೆ. ಹಾಗಾಗಿ ಇಂಥ ಸಂದೇಹಗಳು ಬಂದಾಗ ತಕ್ಷಣ ಕೇಳಲು ಹತ್ತಿರದಲ್ಲಿ ಯಾರೂ ಇರುವುದಿಲ್ಲ, ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಅಪ್ಪನಿಗೆ ಈಗ 58 ವರ್ಷ. ಆರು ವರ್ಷಗಳಿಂದ ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಈ ವರ್ಷ ಫೆಬ್ರವರಿ 18ರಂದು, ತಪಸ್ಸು ಕಾಲ (ಈಸ್ಟರ್ ಹಬ್ಬಕ್ಕೆ ಮುಂಚಿನ ನಲವತ್ತು ದಿನ) ಶುರುವಾಗುವ ವಿಭೂತಿ ಬುಧವಾರ, ಹಣೆಗೆ ಬೂದಿ ಹಚ್ಚಿಸಿಕೊಂಡು ಬಂದ ಕ್ಷಣದಿಂದ ಅವರು ಒಪ್ಪೊತ್ತು ಹಿಡಿದಿದ್ದಾರೆ. ಬೆಳಿಗ್ಗೆ ಒಂದು ಲೋಟ ಚಹ, ರಾತ್ರಿ ಒಂದು ಊಟ, ನಡುವೆ ನೀರು ಮಾತ್ರ. ನಮ್ಮ ಮುತ್ಯಾ ಸಾಯುವ ತನಕ ಹೀಗೆಯೇ ನಲವತ್ತು ದಿನ ನಡೆಸಿದ್ದರು, ಅಪ್ಪ ಅದನ್ನು ಬಿಡಲು ಒಪ್ಪುವುದಿಲ್ಲ. ಮನೆಯಲ್ಲಿ ಕುಳಿತಿರುವವರಾಗಿದ್ದರೆ ನಾನು ಇಷ್ಟು ಅಂಜುತ್ತಿರಲಿಲ್ಲ. ಈಗ ಹಿಂಗಾರಿ ಜೋಳದ ಕಟಾವು ನಡೆದಿದೆ; ಬೆಳಿಗ್ಗೆ ಏಳಕ್ಕೆ ಹೊಲಕ್ಕೆ ಇಳಿದರೆ ಸಂಜೆ ಐದರವರೆಗೆ ಬಗ್ಗಿದ ನಡು ಎತ್ತುವಂತಿಲ್ಲ. ಹೋದ ವರ್ಷ ತಪಸ್ಸು ಕಾಲದ ನಾಲ್ಕನೆಯ ವಾರದಲ್ಲಿ ಕಣದಲ್ಲಿ ರಾಶಿ ಮಾಡುವಾಗ ಅವರು ಕುಸಿದು ಬಿದ್ದರು. ಮೋಟಾರ್ ಸೈಕಲ್ಲಿನ ಮೇಲೆ ನಡುವೆ ಕೂರಿಸಿಕೊಂಡು ತಾಲ್ಲೂಕಿಗೆ ಒಯ್ದೆವು. ಸಲೈನ್ ಏರಿಸಿ ಎಚ್ಚರವಾದ ಮೇಲೆ ಅವರು ನನಗೆ ಹೇಳಿದ ಮೊದಲ ಮಾತು, 'ಗುರುಗಳಿಗೆ ಹೇಳಬೇಡ' ಎಂಬುದು.

ಹೋದ ಭಾನುವಾರ ನಾನು ಊರಿಗೆ ಹೋಗಿದ್ದಾಗ ಮಧ್ಯಾಹ್ನ ಹೊಲಕ್ಕೆ ಹೋದೆ. ಆ ದಿನವೂ ಕಟಾವು ಇತ್ತು. ಎಲ್ಲರೂ ಬೇವಿನ ಮರದ ಕೆಳಗೆ ಕುಳಿತು ಬುತ್ತಿ ಬಿಚ್ಚಿದರು. ಅವ್ವ ಪ್ರತಿದಿನವೂ ಅಪ್ಪನಿಗೆ ಬುತ್ತಿ ಕಟ್ಟುತ್ತಾಳೆ, ಇವರು ಒಯ್ಯುತ್ತಾರೆ. ಉಣ್ಣುತ್ತಿದ್ದಾರೆ ಎಂದೇ ಅವಳು ತಿಳಿದಿದ್ದಳು. ಅಪ್ಪ ಅರಿವೆ ಬಿಚ್ಚಿ ಮೂರು ರೊಟ್ಟಿ, ಶೇಂಗಾ ಹಿಂಡಿ, ಒಂದು ಉಳ್ಳಾಗಡ್ಡಿ ಎಲ್ಲವನ್ನೂ ಕೂಲಿಗೆ ಬಂದಿದ್ದ ಒಬ್ಬ ಹುಡುಗನ ಕೈಗಿಟ್ಟರು. ತಾವು ತಂಬಿಗೆಯಲ್ಲಿದ್ದ ನೀರು ಕುಡಿದು ಕುಡುಗೋಲಿಗೆ ಕಲ್ಲು ಹಚ್ಚತೊಡಗಿದರು. ಕೈ ನಡುಗುತ್ತಿದ್ದುದರಿಂದ ಕಲ್ಲು ಅಲಗಿಗೆ ತಾಗುವ ಸದ್ದು ಒಂದೇ ಸಮನೆ ಬರುತ್ತಿರಲಿಲ್ಲ. ನಾನು ಕೇಳಿದ್ದಕ್ಕೆ, 'ನಾನು ಉಂಡರೆ ಆ ಹುಡುಗ ಏನು ಉಣ್ಣಬೇಕು?' ಎಂದರು. ಆ ಹುಡುಗನ ತಂದೆ ತಾಯಿ ದುಡಿಯಲು ಪುಣೆಗೆ ಹೋಗಿದ್ದಾರೆ, ಅಜ್ಜಿಯ ಮನೆಯಲ್ಲಿ ಬೆಳಿಗ್ಗೆ ಒಲೆ ಹಚ್ಚುವುದಿಲ್ಲವಂತೆ.

ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಅಪ್ಪನ ಭಕ್ತಿಯನ್ನು ಹಗುರ ಮಾಡುವುದು ನನ್ನ ಉದ್ದೇಶವಲ್ಲ. ಆದರೆ ಧರ್ಮಸಭೆ ನಿಜವಾಗಿ ಕೇಳುವುದು ಎಷ್ಟು, ನಮ್ಮ ಹಿರಿಯರು ತಾವಾಗಿ ಕೂಡಿಸಿಕೊಂಡದ್ದು ಎಷ್ಟು ಎಂಬುದನ್ನು ತಿಳಿದವರು ಬಿಡಿಸಿ ಹೇಳಬೇಕು. ಅವ್ವನಿಗೆ 61, ತಮ್ಮನಿಗೆ 15 ವರ್ಷ. ಇವರಿಬ್ಬರಿಗೂ ಅನ್ವಯಿಸುವ ನಿಯಮ ಯಾವುದು ಎಂಬುದನ್ನೂ ಹೇಳಿದರೆ ಉಪಕಾರವಾಗುತ್ತದೆ.

ಬೀದರಿನ ಹಳೆಯ ಉಪದೇಶಿ

ಮಗಳೇ, ನಿನ್ನ ಪ್ರಶ್ನೆಯನ್ನು ಎರಡು ಸಲ ಓದಿದೆ. ಮೂವತ್ತು ವರ್ಷ ಉಪದೇಶಿಯಾಗಿ ಹಳ್ಳಿ ಹಳ್ಳಿ ಸುತ್ತಿದವನು ನಾನು. ನಿನ್ನ ಅಪ್ಪನಂಥ ಹಿರಿಯರನ್ನು ಬಹಳ ಮಂದಿಯನ್ನು ಕಂಡಿದ್ದೇನೆ, ಅವರ ಮುಂದೆ ನಿಯಮದ ಪುಸ್ತಕ ತೆರೆಯಲು ನಾಚಿಕೆಯಾಗುತ್ತಿತ್ತು. ಆದರೂ ಇಲ್ಲಿ ನಿಯಮವನ್ನೇ ಮೊದಲು ಹೇಳಬೇಕಾಗಿದೆ, ಏಕೆಂದರೆ ಈ ಸಂದರ್ಭದಲ್ಲಿ ನಿಯಮವೇ ಅವರ ಪರವಾಗಿ ನಿಲ್ಲುತ್ತದೆ.

ಈಗ ಜಾರಿಯಲ್ಲಿರುವುದು 1983ರ ಧರ್ಮಸಭೆಯ ಕಾನೂನು ಸಂಹಿತೆ. ಅದರ 1249ರಿಂದ 1253ರವರೆಗಿನ ವಿಧಿಗಳು ತಪಸ್ಸಿನ ದಿನಗಳ ಬಗ್ಗೆ ಇವೆ. ಅದರಂತೆ ಉಪವಾಸ, ಎಂದರೆ ನಾವು ಒಪ್ಪೊತ್ತು ಎನ್ನುವುದು, ಕಡ್ಡಾಯವಾಗಿರುವುದು ವರ್ಷದಲ್ಲಿ ಎರಡೇ ದಿನ: ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ. ಆ ಎರಡು ದಿನಗಳಲ್ಲೂ ಒಂದು ಪೂರ್ಣ ಊಟದ ಜೊತೆಗೆ ಬೆಳಿಗ್ಗೆ ಮತ್ತು ಸಂಜೆ ಸ್ವಲ್ಪ ಆಹಾರ ತೆಗೆದುಕೊಳ್ಳಲು ಅವಕಾಶವಿದೆ. ಈ ನಿಯಮ 18 ತುಂಬಿದವರಿಂದ ಹಿಡಿದು 59 ತುಂಬುವವರೆಗೆ ಅನ್ವಯಿಸುತ್ತದೆ. ಮಾಂಸವರ್ಜನೆ ಬೇರೆ ವಿಷಯ. ಅದು 14 ತುಂಬಿದ ಎಲ್ಲರಿಗೂ ಅನ್ವಯಿಸುತ್ತದೆ, ಮೇಲಿನ ವಯಸ್ಸಿನ ಮಿತಿ ಅದಕ್ಕಿಲ್ಲ. ಹಾಗಾಗಿ ನಿನ್ನ ಅವ್ವನಿಗೂ ತಮ್ಮನಿಗೂ ಉಪವಾಸದ ಕಟ್ಟು ಇಲ್ಲ. ಆದರೆ ತಪಸ್ಸು ಕಾಲದ ಶುಕ್ರವಾರಗಳಲ್ಲಿ ಇಬ್ಬರೂ ಮಾಂಸ ಬಿಡಬೇಕು. ಮೀನು, ಮೊಟ್ಟೆ, ಹಾಲು, ತುಪ್ಪ ಇವು ಮಾಂಸದ ಲೆಕ್ಕಕ್ಕೆ ಬರುವುದಿಲ್ಲ. ನಮ್ಮ ಕಡೆಯ ಜೋಳದ ರೊಟ್ಟಿ, ಪುಂಡಿ ಪಲ್ಲೆ, ತೊಗರಿ ಬೇಳೆಯ ಊಟಕ್ಕಂತೂ ಈ ಪ್ರಶ್ನೆಯೇ ಏಳುವುದಿಲ್ಲ.

ಹಾಗಾದರೆ ನಿಮ್ಮ ಮುತ್ಯಾ ನಲವತ್ತು ದಿನ ಹಿಡಿದದ್ದು ತಪ್ಪು ತಿಳಿವಳಿಕೆಯೇ ಎಂದು ಕೇಳಬಹುದು. ಖಂಡಿತ ಅಲ್ಲ. 1917ರ ಹಳೆಯ ಸಂಹಿತೆಯಲ್ಲಿ ಭಾನುವಾರಗಳನ್ನು ಬಿಟ್ಟು ತಪಸ್ಸು ಕಾಲದ ಎಲ್ಲ ದಿನಗಳೂ ಉಪವಾಸದ ದಿನಗಳಾಗಿದ್ದವು. 1966ರ ಫೆಬ್ರವರಿ 17ರಂದು ಜಗದ್ಗುರು (ಪೋಪ್) ಆರನೆಯ ಪೌಲರು 'ಪೇನಿತೆಮಿನಿ' ಎಂಬ ಆಜ್ಞಾಪತ್ರವನ್ನು ಹೊರಡಿಸಿ ಕಡ್ಡಾಯದ ಭಾಗವನ್ನು ಕಡಿಮೆ ಮಾಡಿದರು; ಜೊತೆಗೆ ಪ್ರಾರ್ಥನೆ ಮತ್ತು ದಾನಧರ್ಮಗಳನ್ನು ಹೆಚ್ಚಿಸಬೇಕೆಂದು ಒತ್ತಿ ಹೇಳಿದರು. ಹಳೆಯ ರೂಢಿ ಮನೆಯಲ್ಲಿ ಉಳಿಯಿತು, ಹೊಸ ವಿವರಣೆ ಹಳ್ಳಿಯವರೆಗೆ ಸರಿಯಾಗಿ ತಲುಪಲಿಲ್ಲ. ಇದು ನಮ್ಮಂಥ ಉಪದೇಶಿಗಳ ಕೊರತೆ. ನಿಮ್ಮ ಮುತ್ಯಾನವರ ಕೊರತೆಯಲ್ಲ.

ನಿನ್ನ ಅಪ್ಪನಿಗೆ 58 ಎಂದರೆ ವಯಸ್ಸಿನ ಲೆಕ್ಕದಲ್ಲಿ ಅವರು ಇನ್ನೂ ನಿಯಮದ ಒಳಗಿದ್ದಾರೆ. ಆದರೆ ರೋಗಿಗಳನ್ನು ಧರ್ಮಸಭೆ ಯಾವಾಗಲೂ ಹೊರಗಿಟ್ಟಿದೆ, ಮೈಮುರಿದು ದುಡಿಯುವವರ ವಿಷಯವನ್ನೂ ಹಿಂದಿನಿಂದಲೇ ಯೋಚಿಸಿದೆ. 13ನೆಯ ಶತಮಾನದಲ್ಲಿ ಸಂತ ತೋಮಸ್ ಅಕ್ವಿನಾಸರು ಉಪವಾಸದ ಬಗ್ಗೆ ಬರೆಯುವಾಗ ಕೂಲಿಯವರ ಮತ್ತು ಯಾತ್ರಿಕರ ಪ್ರಶ್ನೆಯನ್ನೇ ಎತ್ತಿಕೊಂಡಿದ್ದಾರೆ. ಕೆಲಸವನ್ನು ಮುಂದೂಡಬಹುದಾದರೆ ಅಥವಾ ಕಡಿಮೆ ಮಾಡಿಕೊಳ್ಳಬಹುದಾದರೆ ಹಾಗೆ ಮಾಡಿ ಉಪವಾಸ ಮಾಡಲಿ, ಆ ಅನುಕೂಲವಿಲ್ಲದೆ ದುಡಿಯಲೇಬೇಕಾದವರಿಗೆ ಕಟ್ಟಿಲ್ಲ ಎಂಬುದು ಅವರ ಮಾತಿನ ತಾತ್ಪರ್ಯ. ಜೋಳ ಬಲಿತು ನಿಂತಾಗ ಕಟಾವು ಕಾಯುವುದಿಲ್ಲ, ಗೌಡರೂ ಕಾಯುವುದಿಲ್ಲ. ಇಷ್ಟಾದರೂ ಅಪ್ಪನ ಮನಸ್ಸಿಗೆ ಸಮಾಧಾನವಾಗದಿದ್ದರೆ, ಅವರ ಧರ್ಮಕೇಂದ್ರದ ಗುರುಗಳಿಗೇ ಸಂಹಿತೆಯ 1245ನೆಯ ವಿಧಿಯು ವಿನಾಯಿತಿ ಕೊಡುವ, ಅಥವಾ ಉಪವಾಸದ ಬದಲಿಗೆ ಇನ್ನೊಂದು ಸತ್ಕಾರ್ಯವನ್ನು ನೇಮಿಸುವ ಅಧಿಕಾರವನ್ನು ಕೊಟ್ಟಿದೆ. 'ಗುರುಗಳಿಗೆ ಹೇಳಬೇಡ' ಎಂದರಲ್ಲ, ಆ ಗುರುಗಳಿಗೇ ಹೇಳಬೇಕು. ಅವರು ಹೇಳಿದರೆ ಅಪ್ಪ ಕೇಳುತ್ತಾರೆ.

ಅಪ್ಪನ ಜೊತೆ ಕುಳಿತಾಗ ಕಾನೂನಿನ ಮಾತು ಬೇಡ. ಅರಸರ ಮೊದಲನೆಯ ಗ್ರಂಥದ 19ನೆಯ ಅಧ್ಯಾಯವನ್ನು ಓದಿ ಹೇಳು. ಪ್ರವಾದಿ ಎಲೀಯ ನಲವತ್ತು ಹಗಲು ನಲವತ್ತು ರಾತ್ರಿ ನಡೆದು ದೇವರ ಬೆಟ್ಟವಾದ ಹೋರೇಬನ್ನು ಮುಟ್ಟಿದ ಎಂಬುದು ಎಲ್ಲರಿಗೂ ನೆನಪಿರುತ್ತದೆ. ಅದಕ್ಕೆ ಮೊದಲು ನಡೆದದ್ದನ್ನು ಮರೆಯುತ್ತಾರೆ. ಅವನು ಸೋತು ಒಂದು ಗಿಡದ ಕೆಳಗೆ ಮಲಗಿದ್ದಾಗ ದೇವದೂತನು ಅವನನ್ನು ತಟ್ಟಿ ಎಬ್ಬಿಸುತ್ತಾನೆ. ತಲೆಯ ಬಳಿ ಕೆಂಡದ ಮೇಲೆ ಸುಟ್ಟ ರೊಟ್ಟಿ ಮತ್ತು ಒಂದು ತಂಬಿಗೆ ನೀರು ಇರುತ್ತವೆ. ಅವನು ಉಂಡು ಮತ್ತೆ ಮಲಗುತ್ತಾನೆ. ದೂತನು ಎರಡನೆಯ ಸಲ ಎಬ್ಬಿಸಿ, ಎದ್ದು ಉಣ್ಣು, ಇಲ್ಲದಿದ್ದರೆ ಈ ದಾರಿ ನಿನ್ನ ಕೈಲಾಗದು ಎನ್ನುತ್ತಾನೆ. ಆ ನಲವತ್ತು ದಿನಗಳು ಶುರುವಾದದ್ದು ರೊಟ್ಟಿಯಿಂದ. ಬೇವಿನ ಮರದ ಕೆಳಗೆ ಕುಳಿತ ನಿನ್ನ ಅಪ್ಪನಿಗೆ ಈ ಮಾತು ಬೇಗ ತಾಗೀತು ಎಂದು ನನಗನ್ನಿಸುತ್ತದೆ.

ವಾರ್ಡಿನ ಅಕ್ಕ, ಕಲಬುರಗಿ

ತಂಗಿ, ಉಪದೇಶಿಗಳ ಮಾತಿಗೆ ನಾನು ಸೇರಿಸುವುದು ಆಸ್ಪತ್ರೆಯಲ್ಲಿ ದಿನವೂ ಕಾಣುವ ವಿಷಯ. ನಾನು ನರ್ಸ್. ಕುಡುಗೋಲು ಮಸೆಯುವಾಗ ಕೈ ನಡುಗುತ್ತಿತ್ತು ಎಂದು ಬರೆದಿದ್ದೀಯ. ಅದನ್ನು ಆಯಾಸ ಎಂದು ಬಿಡಬೇಡ. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವವರಿಗೆ ಕೈ ನಡುಕ, ತಣ್ಣನೆಯ ಬೆವರು, ಎದೆ ಬಡಿತ, ಕಣ್ಣು ಮಂಜಾಗುವುದು ಇವು ರಕ್ತದ ಸಕ್ಕರೆ ಇಳಿಯುತ್ತಿರುವ ಲಕ್ಷಣಗಳು. 70 ಮಿಲಿಗ್ರಾಂಗಿಂತ ಕೆಳಗೆ ಇಳಿದರೆ ಅಪಾಯ ಶುರುವಾಯಿತೆಂದೇ ತಿಳಿಯಬೇಕು.

ಎಲ್ಲ ಮಾತ್ರೆಗಳೂ ಒಂದೇ ಅಲ್ಲ. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಲ್ಲಿ ಸಕ್ಕರೆ ಹೀಗೆ ಕುಸಿಯುವುದು ಅಪರೂಪ. ಗ್ಲಿಮೆಪಿರೈಡ್‌ನಂಥ ಮಾತ್ರೆ ನುಂಗಿ ಊಟ ಬಿಟ್ಟರೆ ಮಾತ್ರೆ ತನ್ನ ಕೆಲಸವನ್ನು ಮಾಡಿಯೇ ಮಾಡುತ್ತದೆ, ಹೊಟ್ಟೆಯಲ್ಲಿ ಅನ್ನವಿಲ್ಲದಿದ್ದರೂ. ಆದ್ದರಿಂದ ಮಾತ್ರೆಯ ಹಾಳೆಯನ್ನು ತೆಗೆದುಕೊಂಡು ವೈದ್ಯರ ಬಳಿ ಹೋಗಿ, ತಪಸ್ಸು ಕಾಲದ ವಿಷಯವನ್ನು ಮುಚ್ಚಿಡದೆ ಹೇಳಿ. ಮನೆಯಲ್ಲೇ ಮಾತ್ರೆ ಬಿಡುವುದಾಗಲಿ ಅರ್ಧ ಮಾಡುವುದಾಗಲಿ ಬೇಡ. ಅಪ್ಪನ ಅಂಗಿಯ ಕಿಸೆಯಲ್ಲಿ ಸಕ್ಕರೆಯ ಒಂದು ಪೊಟ್ಟಣ ಇರಲಿ. ನಡುಕ ಬಂದರೆ ಮೂರು ಚಮಚ ಸಕ್ಕರೆಯನ್ನು ನೀರಿಗೆ ಹಾಕಿ ಕುಡಿಸಿ, ನೆರಳಲ್ಲಿ ಕೂರಿಸಿ, ಕಾಲು ಗಂಟೆಯಲ್ಲಿ ಸುಧಾರಿಸದಿದ್ದರೆ ಮತ್ತೊಮ್ಮೆ ಕೊಡಬೇಕು, ಸುಧಾರಿಸಿದ ಮೇಲೆ ರೊಟ್ಟಿ ತಿನ್ನಿಸಬೇಕು. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬಾರದು, ನೇರವಾಗಿ ಆಸ್ಪತ್ರೆಗೆ ಒಯ್ಯಬೇಕು.

ಈ ವರ್ಷ ಶುಭ ಶುಕ್ರವಾರ ಏಪ್ರಿಲ್ 3ಕ್ಕೆ ಬರುತ್ತದೆ. ನಮ್ಮ ಭಾಗದಲ್ಲಿ ಸರ್ಕಾರಿ ಕಚೇರಿಗಳೇ ಬಿಸಿಲಿಗೆ ಅಂಜಿ ಏಪ್ರಿಲ್, ಮೇ ತಿಂಗಳಲ್ಲಿ ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಒಂದೂವರೆಗೆ ಸಮಯ ಬದಲಿಸಿಕೊಳ್ಳುತ್ತವೆ. ಆ ಬಿಸಿಲಲ್ಲಿ ಕಣದ ಕೆಲಸ ಮಾಡುವ ಸಕ್ಕರೆ ರೋಗಿ ನೀರು, ಮಜ್ಜಿಗೆ, ಅಂಬಲಿಯನ್ನು ಯಾವ ಕಾರಣಕ್ಕೂ ಬಿಡಬಾರದು.

ಇನ್ನೊಂದು ಮಾತು. ನನ್ನ ಜೊತೆ ಕೆಲಸ ಮಾಡುವ ಕೇರಳದ ಸಿರೋ-ಮಲಬಾರ್ ಸಭೆಯ ಸೋದರಿಯರು ಬುಧವಾರಕ್ಕೆ ಎರಡು ದಿನ ಮೊದಲೇ, ಸೋಮವಾರದಂದು ಬೂದಿ ಹಚ್ಚಿಸಿಕೊಳ್ಳುತ್ತಾರೆ. ಅವರದು ಐವತ್ತು ದಿನಗಳ ನೋಂಪಿ. ಮನೆತನದ ರೂಢಿಯಂತೆ ಆ ಅಷ್ಟೂ ದಿನ ಮಾಂಸ ಮುಟ್ಟದವರು ಅವರಲ್ಲಿದ್ದಾರೆ. ಹಾಗೆಂದು ಅವರ ನೋಂಪಿ ದೊಡ್ಡದು, ನಮ್ಮದು ಸಣ್ಣದು ಎಂದು ಯಾರೂ ಎಣಿಸುವುದಿಲ್ಲ. ಒಂದೇ ಧರ್ಮಸಭೆಯೊಳಗೆ ರೀತಿಗಳು ಬೇರೆ ಬೇರೆ ಇವೆ ಎಂಬುದನ್ನು ಅಪ್ಪನಿಗೆ ತಿಳಿಸಿದರೆ ಮುತ್ಯಾನ ರೀತಿಯೊಂದೇ ದಾರಿ ಎಂಬ ಭಾರ ಸ್ವಲ್ಪ ಇಳಿಯಬಹುದು.

ಹುಮನಾಬಾದಿನವನು

ಹಿರಿಯರ ಮಾತನ್ನು ಗೌರವದಿಂದಲೇ ಓದಿದ್ದೇನೆ, ಆದರೂ ನನ್ನ ಮನಸ್ಸಿನ ಮಾತನ್ನು ಬರೆಯಬೇಕೆನಿಸುತ್ತದೆ. ಈ ವರ್ಷ ಶಿವರಾತ್ರಿ, ನಮ್ಮ ವಿಭೂತಿ ಬುಧವಾರ, ರಮಜಾನಿನ ಮೊದಲ ರೋಜಾ ಮೂರೂ ಒಂದೇ ವಾರದಲ್ಲಿ ಬಂದವು. ನಮ್ಮ ಓಣಿಯ ಶರಣ ಕುಟುಂಬಗಳು ರಾತ್ರಿಯಿಡೀ ಜಾಗರಣೆ ಮಾಡಿದವು. ನನ್ನ ಗೆಳೆಯ ಹನಿ ನೀರು ಕುಡಿಯದೆ ಇಡೀ ದಿನ ಆಟೋ ಓಡಿಸುತ್ತಿದ್ದಾನೆ. ನಾವು ಮಾತ್ರ ವರ್ಷಕ್ಕೆ ಎರಡು ದಿನದ ಉಪವಾಸಕ್ಕೂ ವಿನಾಯಿತಿ ಹುಡುಕುತ್ತಾ ಕುಳಿತರೆ ನಮ್ಮ ಮಕ್ಕಳಿಗೆ ತಪಸ್ಸು ಎಂಬ ಪದದ ಅರ್ಥ ಹೇಗೆ ತಿಳಿದೀತು? ನನ್ನ ವಯಸ್ಸಿನವರು ಶುಕ್ರವಾರ ಮಾಂಸ ಬಿಡುವುದನ್ನೇ ದೊಡ್ಡ ತ್ಯಾಗವೆಂದು ಹೇಳಿಕೊಂಡು, ಅದೇ ರಾತ್ರಿ ಪನೀರ್ ಮಸಾಲೆ ತರಿಸಿ ಉಣ್ಣುವುದನ್ನು ನೋಡಿ ನನಗೆ ಬೇಸರವಾಗಿದೆ. ಅಕ್ಕನವರ ಅಪ್ಪನಂಥವರು ಉಳಿದಿರುವುದರಿಂದಲೇ ಈ ನಲವತ್ತು ದಿನಗಳಿಗೆ ಬೆಲೆ ಇದೆ. ಅವರನ್ನು ತಡೆಯುವ ಮೊದಲು ಗಟ್ಟಿಮುಟ್ಟಾದ ನಾವು ಏನು ಬಿಟ್ಟಿದ್ದೇವೆ ಎಂದು ಕೇಳಿಕೊಳ್ಳಬೇಕು.

ವಾರ್ಡಿನ ಅಕ್ಕ, ಕಲಬುರಗಿ

ತಮ್ಮಾ, ನಿನ್ನ ಕೊನೆಯ ಮಾತು ನಿಜ, ಅದು ನನಗೂ ತಾಗಿತು. ಆದರೆ ರೋಜಾದ ಹೋಲಿಕೆ ಪೂರ್ತಿಯಾಗಲಿಲ್ಲ. ರಮಜಾನಿನಲ್ಲಿಯೂ ರೋಗಿಗಳಿಗೆ, ಪ್ರಯಾಣದಲ್ಲಿರುವವರಿಗೆ ರಿಯಾಯಿತಿ ಇದೆ. ಆ ದಿನಗಳನ್ನು ಅವರು ಮುಂದೆ ತುಂಬಿಕೊಡುತ್ತಾರೆ, ಎಂದೂ ವಾಸಿಯಾಗದ ಕಾಯಿಲೆಯವರು ಅದರ ಬದಲು ಬಡವರಿಗೆ ಊಟ ಕೊಡುತ್ತಾರೆ. ನಮ್ಮ ವಾರ್ಡಿನಲ್ಲಿ ಇನ್ಸುಲಿನ್ ಮೇಲಿರುವ ಮುಸ್ಲಿಂ ಹಿರಿಯರಿಗೆ ಅವರ ಮನೆಯವರೇ ಇದನ್ನು ತಿಳಿಸಿ ಹೇಳುವುದನ್ನು ಪ್ರತಿ ವರ್ಷವೂ ನೋಡುತ್ತೇನೆ.

ಶಹಾಪುರದಾಕಿ

ನಾನು ಹೆಚ್ಚು ಓದಿದವಳಲ್ಲ, ಮಗ ಬರೆದುಕೊಡುತ್ತಿದ್ದಾನೆ. ನೀವೆಲ್ಲ ಅಪ್ಪ ಉಣ್ಣಬೇಕೋ ಬೇಡವೋ ಎಂದು ಮಾತಾಡಿದಿರಿ. ಆ ಕೂಲಿಯ ಹುಡುಗನ ವಿಷಯವನ್ನು ಯಾರೂ ಎತ್ತಲಿಲ್ಲ. ಅವರ ಅಪ್ಪ ಕೇಳಿದ ಪ್ರಶ್ನೆ ಅದೇ ಅಲ್ಲವೇ? ನಾನು ಉಂಡರೆ ಆ ಹುಡುಗ ಏನು ಉಣ್ಣಬೇಕು ಎಂದರು. ಅದಕ್ಕೆ ಉತ್ತರ ಕೊಡದೆ ಅವರಿಗೆ ಉಣ್ಣಿರಿ ಎಂದರೆ ಅವರು ಹೇಗೆ ಉಂಡಾರು?

ನಮ್ಮ ಓಣಿಯಲ್ಲಿ ಒಂಬತ್ತು ಮನೆ ಕಥೋಲಿಕರಿದ್ದೇವೆ. ನಮ್ಮ ಅತ್ತೆ ಕಲಿಸಿದ್ದು ಹೀಗೆ. ವಿಭೂತಿ ಬುಧವಾರದಿಂದ ಒಲೆಯ ಪಕ್ಕದಲ್ಲಿ ಒಂದು ಸಣ್ಣ ಗಡಿಗೆ ಇಡುತ್ತೇವೆ. ದಿನವೂ ರೊಟ್ಟಿಗೆ ಜೋಳ ಅಳೆಯುವಾಗ ಒಂದು ಹಿಡಿ ಆ ಗಡಿಗೆಗೆ ಹೋಗಬೇಕು, ಆಮೇಲೆ ಉಳಿದದ್ದು ಬೀಸಲು. ಮನೆಯಲ್ಲಿ ಕಡಿಮೆ ಇದ್ದ ದಿನವೂ ಆ ಹಿಡಿ ತಪ್ಪುವಂತಿಲ್ಲ, ಆ ದಿನ ಒಂದು ರೊಟ್ಟಿ ಕಡಿಮೆ ಬಡಿಯುತ್ತೇವೆ, ಅದೇ ನಮ್ಮ ಉಪವಾಸ. ಈಸ್ಟರಿಗೆ ಹಿಂದಿನ ವಾರದ ಗರಿಗಳ ಭಾನುವಾರ ಎಲ್ಲ ಮನೆಯ ಗಡಿಗೆಗಳನ್ನು ಒಂದು ಚೀಲಕ್ಕೆ ಸುರಿಯುತ್ತೇವೆ. ಒಂದೊಂದು ಗಡಿಗೆಯಲ್ಲಿ ಎರಡು ಕಿಲೋದ ಹತ್ತಿರ ಆಗಿರುತ್ತದೆ. ಹೋದ ವರ್ಷ ಆ ಚೀಲ ನಮ್ಮ ಪಂಗಡದವರಲ್ಲದ ಒಬ್ಬ ಬಾಣಂತಿಯ ಮನೆಗೆ ಹೋಯಿತು, ಗಂಡ ಬೆಂಗಳೂರಿನಲ್ಲಿ ಗಾರೆ ಕೆಲಸಕ್ಕೆ ಹೋದವನು ಮೂರು ತಿಂಗಳು ದುಡ್ಡು ಕಳಿಸಿರಲಿಲ್ಲ. ಬಾಗಿಲಲ್ಲಿ ಇಟ್ಟು ಬಂದೆವು. ಯಾರು ಇಟ್ಟರೆಂದು ಅವಳಿಗೆ ಗೊತ್ತಿದೆ, ನಾವೂ ಹೇಳಿಲ್ಲ ಅವಳೂ ಕೇಳಿಲ್ಲ. ವಿಭೂತಿ ಬುಧವಾರ ಓದುವ ಶುಭಸಂದೇಶದಲ್ಲಿ ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂಬ ಮಾತು ಬರುತ್ತದಲ್ಲ, ಅತ್ತೆ ಅದನ್ನೇ ಹೇಳುತ್ತಿದ್ದರು.

ಯೇಸುಸ್ವಾಮಿ ಶಿಲುಬೆ ಹೊತ್ತು ನಡೆದದ್ದನ್ನು ಹದಿನಾಲ್ಕು ಕಡೆ ನಿಂತು ನೆನೆಯುವ ಶುಕ್ರವಾರದ ಶಿಲುಬೆ ಹಾದಿಯನ್ನೂ ನಾವು ಗುಡಿಯೊಳಗೆ ಮಾಡುವುದಿಲ್ಲ, ಇಲ್ಲಿ ನಮಗೆ ಗುಡಿ ಇಲ್ಲ. ಹದಿನಾಲ್ಕು ಸ್ಥಳಗಳಲ್ಲಿ ಒಂಬತ್ತು ನಮ್ಮ ಮನೆಗಳ ಮುಂದೆ ಆಗುತ್ತವೆ. ಉಳಿದ ಐದು ಸ್ಥಳಗಳು ಬೇವಿನ ಕಟ್ಟೆ, ಶಾಲೆಯ ಗೋಡೆ, ಬೋರ್‌ವೆಲ್ಲು, ಹಿಟ್ಟಿನ ಗಿರಣಿ, ಕಡೆಯದು ಊರ ಅಗಸಿಯ ಹತ್ತಿರ. ಆರನೆಯ ಸ್ಥಳ, ವೆರೋನಿಕಳು ಸ್ವಾಮಿಯ ಮುಖ ಒರೆಸಿದ್ದು, ಬೋರ್‌ವೆಲ್ಲಿನ ಹತ್ತಿರ ಬರುತ್ತದೆ. ಅಲ್ಲಿ ಎದುರು ಮನೆಯ ಲಿಂಗಾಯತರ ಅಜ್ಜಿ ತಂಬಿಗೆ ನೀರು ಹಿಡಿದು ನಿಂತಿರುತ್ತಾಳೆ, ಶಿಲುಬೆ ಹೊತ್ತವನಿಗೆ ಕುಡಿಸಿಯೇ ಮುಂದೆ ಬಿಡುತ್ತಾಳೆ. ನಿಮ್ಮ ಹಳ್ಳಿಯಲ್ಲಿಯೂ ಹೀಗೆ ಮಾಡಿ ನೋಡಿರಿ, ಗುರುಗಳು ಬಾರದ ಶುಕ್ರವಾರವೂ ನಡೆಯುತ್ತದೆ.

ಅಪ್ಪನವರ ವಿಷಯಕ್ಕೆ ನನಗೆ ತೋಚುವುದು ಇಷ್ಟೇ: ಮೂರು ರೊಟ್ಟಿ ಕಟ್ಟುವ ಬುತ್ತಿಯಲ್ಲಿ ಐದು ಕಟ್ಟಿರಿ.

ಬೀದರಿನ ಹಳೆಯ ಉಪದೇಶಿ

ತಾಯಿ, ನೀವು ಹೇಳಿದ್ದು ಯೆಶಾಯನ ಗ್ರಂಥದ 58ನೆಯ ಅಧ್ಯಾಯ. ದೇವರು ಮೆಚ್ಚುವ ಉಪವಾಸವೆಂದರೆ ಹಸಿದವರೊಂದಿಗೆ ಅನ್ನ ಹಂಚಿಕೊಳ್ಳುವುದು ಎಂಬ ಆ ವಾಚನ ವಿಭೂತಿ ಬುಧವಾರದ ಮುಂದಿನ ಶುಕ್ರವಾರ ಮತ್ತು ಶನಿವಾರ ಪೂಜೆಯಲ್ಲಿ ಬರುತ್ತದೆ. ನಾನು ಅದನ್ನು ಬರೆಯಬೇಕಿತ್ತು, ಬಿಟ್ಟುಹೋಯಿತು.

ಹುಮನಾಬಾದಿನ ತಮ್ಮನಿಗೆ ಒಂದು ಮಾತು. ನಿನ್ನ ಬೇಸರ ನ್ಯಾಯವಾದದ್ದು. ಪನೀರು ಉಂಡರೆ ನಿಯಮ ಮುರಿಯುವುದಿಲ್ಲ, ಆದರೆ ನಾಲಿಗೆಗೆ ಹಬ್ಬವನ್ನೇ ಮಾಡಿಸಿದರೆ ಅದು ತಪಸ್ಸೂ ಆಗುವುದಿಲ್ಲ. ಆರೋಗ್ಯವಿರುವ ಯುವಕರು ನಲವತ್ತು ದಿನವೂ ಒಪ್ಪೊತ್ತು ಹಿಡಿಯಲು ಧರ್ಮಸಭೆಯ ಅಡ್ಡಿಯಿಲ್ಲ, ಅದು ಹೇಳಿರುವುದು ಕನಿಷ್ಠವನ್ನು ಮಾತ್ರ. ನಿಮ್ಮೂರಿನಲ್ಲಿ ನಾಲ್ಕು ಮಂದಿ ಸೇರಿ ಹಾಗೆ ಮಾಡಿ, ಉಳಿಸಿದ ಊಟದ ದುಡ್ಡನ್ನು ಧರ್ಮಕೇಂದ್ರದ ಮೂಲಕ ಧರ್ಮಸಭೆಯ ಸೇವಾ ಸಂಸ್ಥೆಯಾದ ಕಾರಿತಾಸ್ ಇಂಡಿಯಾದ ತಪಸ್ಸು ಕಾಲದ ನಿಧಿಗೆ ಕೊಡಬಹುದು.

ಯುಗಾದಿಯ ಬಗ್ಗೆಯೂ ಕೆಲವರು ನನ್ನನ್ನು ಕೇಳುತ್ತಿರುವುದರಿಂದ ಇಲ್ಲೇ ಹೇಳಿಬಿಡುತ್ತೇನೆ. ಈ ವರ್ಷ ಯುಗಾದಿ ಮಾರ್ಚ್ 19, ಗುರುವಾರ. ಅದೇ ದಿನ ಸಂತ ಜೋಸೆಫರ ಮಹೋತ್ಸವ, ಎಂದರೆ ಧರ್ಮಸಭೆಯ ಅತಿ ದೊಡ್ಡ ದರ್ಜೆಯ ಹಬ್ಬ. ನೆರೆಯವರು ಬೇವು ಬೆಲ್ಲ, ಹೋಳಿಗೆ ಕೊಟ್ಟರೆ ಸಂತೋಷವಾಗಿ ಉಣ್ಣಬಹುದು. 2027ರಲ್ಲಿ ಮಾರ್ಚ್ 19 ಶುಕ್ರವಾರಕ್ಕೆ ಬರುತ್ತದೆ. ಮಹೋತ್ಸವ ಶುಕ್ರವಾರ ಬಿದ್ದರೆ ಆ ದಿನ ಮಾಂಸವರ್ಜನೆಯ ಕಟ್ಟು ಇರುವುದಿಲ್ಲ ಎಂದು 1251ನೆಯ ವಿಧಿಯಲ್ಲಿಯೇ ಇದೆ.

ಕಾಗಿಣಾ ತೀರ

ಎಲ್ಲರಿಗೂ ಮನಸಾರೆ ವಂದನೆ. ಶನಿವಾರ ರಾತ್ರಿಯೇ ಊರಿಗೆ ಹೋಗಿ, ಭಾನುವಾರ ಪೂಜೆಗೆ ಬಂದ ಗುರುಗಳಿಗೆ ಎಲ್ಲವನ್ನೂ ಹೇಳಿದೆ. ಅವರು ಬೈಯಲಿಲ್ಲ. ಅಪ್ಪನ ಪಕ್ಕದಲ್ಲಿ ಚಾಪೆಯ ಮೇಲೆ ಕುಳಿತು, ಹೋದ ವರ್ಷ ಬಿದ್ದದ್ದನ್ನು ನನಗೇಕೆ ತಿಳಿಸಲಿಲ್ಲ ಎಂದಷ್ಟೇ ಕೇಳಿದರು. ಅಪ್ಪ ತಲೆ ತಗ್ಗಿಸಿದರು. ಆಮೇಲೆ ಗುರುಗಳು ಶುಭ ಶುಕ್ರವಾರದ ಉಪವಾಸವೂ ಸೇರಿದಂತೆ ವಿನಾಯಿತಿ ಕೊಟ್ಟು, ಅದರ ಬದಲಿಗೆ ತಂಬಾಕು ಬಿಡಬೇಕು ಎಂದರು. ಅಪ್ಪ ನಲವತ್ತು ವರ್ಷಗಳಿಂದ ಸುಣ್ಣ ತಂಬಾಕು ತಿಕ್ಕಿ ಬಾಯಿಗೆ ಹಾಕುವವರು. ಒಪ್ಪೊತ್ತು ಬಿಡಿಸಿದ್ದಕ್ಕಿಂತ ಇದೇ ಕಷ್ಟದ್ದು ಎಂದು ಅವರು ಗುರುಗಳ ಮುಂದೆಯೇ ಹೇಳಿದರು, ಆದರೆ ಒಪ್ಪಿಕೊಂಡರು. ಚಂಚಿಯನ್ನು ಅವ್ವನ ಕೈಗೆ ಕೊಟ್ಟಿದ್ದಾರೆ.

ಎಲೀಯನ ಕಥೆಯನ್ನು ನಾನು ರಾತ್ರಿ ಓದಿ ಹೇಳಿದೆ. ಸುಟ್ಟ ರೊಟ್ಟಿಯ ಮಾತು ಬಂದಾಗ, ಅದು ಯಾವ ಹಿಟ್ಟಿನದು ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ, ಜೋಳದ್ದೇ ಇರಬೇಕು ಎಂದು ಅವರೇ ಹೇಳಿದರು.

ಮಾತ್ರೆಯ ಹಾಳೆ ನೋಡಿದೆ, ಅಕ್ಕ ಹೇಳಿದ ಗ್ಲಿಮೆಪಿರೈಡೇ ಅದರಲ್ಲಿದೆ. ಬುಧವಾರ ವೈದ್ಯರಲ್ಲಿಗೆ ಕರೆದೊಯ್ಯುತ್ತೇನೆ, ಅಲ್ಲಿಯವರೆಗೆ ಕಿಸೆಯಲ್ಲಿ ಸಕ್ಕರೆಯ ಪೊಟ್ಟಣ ಇರುತ್ತದೆ.

ಇವತ್ತು ಬೆಳಿಗ್ಗೆ ಅವ್ವ ಆರು ರೊಟ್ಟಿ ಕಟ್ಟಿದಳು. ಅಪ್ಪ ಎಣಿಸಿ ನೋಡಿ, ಆ ಹುಡುಗನಿಗೆ ಶೇಂಗಾ ಹಿಂಡಿ ಖಾರವಾಗುತ್ತದೆ, ಅವನ ಪಾಲಿಗೆ ಸ್ವಲ್ಪ ಬೆಲ್ಲ ಇಡು ಎಂದರಂತೆ.

ಶಹಾಪುರದ ಅವ್ವಾರಿಗೆ ಒಂದು ಪ್ರಶ್ನೆ ಉಳಿದಿದೆ. ನಮ್ಮಲ್ಲಿ ಮನೆಗಳು ಐದೇ ಇವೆ, ಬರುವ ಶುಕ್ರವಾರದಿಂದ ಶಿಲುಬೆ ಹಾದಿ ಶುರುಮಾಡೋಣ ಎಂದುಕೊಂಡಿದ್ದೇವೆ. ಕಟಾವಿನವರು ಮನೆಗೆ ಬಂದು ಕೈಕಾಲು ತೊಳೆಯುವಷ್ಟರಲ್ಲಿ ಆರೂವರೆಯಾಗುತ್ತದೆ. ಏಳಕ್ಕೆ ಹೊರಟರೆ ಹದಿನಾಲ್ಕೂ ಸ್ಥಳಗಳನ್ನು ಮುಗಿಸಲು ನಿಮಗೆ ಎಷ್ಟು ಹೊತ್ತು ಹಿಡಿಯುತ್ತದೆ, ಓಣಿಯಲ್ಲಿ ದೀಪವಿಲ್ಲದ ಕಡೆ ಕಂದೀಲು ಒಯ್ಯುತ್ತೀರೋ, ದಯವಿಟ್ಟು ತಿಳಿಸಿರಿ.